ತೀರ್ಪಿಗೆ ಮುಂಚಿನ ಜೈಲು: ದಿನ ಎಣಿಸಬೇಕಾದವರು ಯಾರು?

'ಮೂರನೇ ಒಂದು ಭಾಗ ಅವಧಿ ಮುಗಿಸಿದ ಕೈದಿಗಳಿಗೆ ಬಿಡುಗಡೆ' ಎಂಬ ತಲೆಬರಹ 2024ರಿಂದ ಈಚೆಗೆ ಆಗಾಗ ಕಣ್ಣಿಗೆ ಬೀಳುತ್ತಿದೆ. ಓದಿದವರಲ್ಲಿ ಹಲವರಿಗೆ ಸಿಟ್ಟು ಬರುತ್ತದೆ: ಒಂಬತ್ತು ವರ್ಷದ ಶಿಕ್ಷೆಯಾದವನನ್ನು ಮೂರೇ ವರ್ಷಕ್ಕೆ ಬಿಡುವುದು ಯಾವ ನ್ಯಾಯ? ಆದರೆ ಈ ಸುದ್ದಿ ಶಿಕ್ಷೆಯಾದವರ ಕುರಿತದ್ದಲ್ಲ. ಇವರ ಮೇಲಿನ ಆರೋಪ ಸಾಬೀತಾಗಿಲ್ಲ, ತೀರ್ಪು ಬಂದಿಲ್ಲ. ತೀರ್ಪಿಗಾಗಿ ಕಾಯುತ್ತಲೇ ಗರಿಷ್ಠ ಶಿಕ್ಷೆಯ ಮೂರನೇ ಒಂದು ಪಾಲಿನಷ್ಟು ಕಾಲವನ್ನು ಒಳಗೆ ಕಳೆದವರು ಇವರು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಹೇಳುವುದು ಇಷ್ಟು. ಹಿಂದೆಂದೂ ಶಿಕ್ಷೆಗೊಳಗಾಗದ ಆರೋಪಿ, ತನ್ನ ಮೇಲಿರುವ ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಬಂಧನದಲ್ಲಿದ್ದರೆ ಅವನನ್ನು ಬಾಂಡ್ ಬರೆಸಿಕೊಂಡು ಬಿಡಬೇಕು. ಉಳಿದವರಿಗೆ ಈ ಮಿತಿ ಅರ್ಧ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ. ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಪ್ರಕರಣಗಳಿದ್ದರೂ ಸಿಗುವುದಿಲ್ಲ. ಆರೋಪಿಯೇ ವಿಚಾರಣೆಯನ್ನು ಎಳೆದಿದ್ದರೆ ಆ ದಿನಗಳು ಲೆಕ್ಕಕ್ಕೆ ಸೇರುವುದಿಲ್ಲ. ಸಾಧಾರಣ ಕಳವಿಗೆ ಗರಿಷ್ಠ ಶಿಕ್ಷೆ ಮೂರು ವರ್ಷ. ಅಂದರೆ ಮೊದಲ ಸಲ ಸಿಕ್ಕಿಬಿದ್ದವನಿಗೆ ಒಂದು ವರ್ಷ, ಹಿಂದೆ ಬೇರೆ ಅಪರಾಧಕ್ಕೆ ಶಿಕ್ಷೆಯಾಗಿದ್ದವನಿಗೆ ಒಂದೂವರೆ ವರ್ಷ. ಕಾಯ್ದೆ ಬರುವ ಮುಂಚೆ ದಾಖಲಾದ ಪ್ರಕರಣಗಳಿಗೂ ಇದು ಅನ್ವಯವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು.

ಇದು ಸಣ್ಣ ಸಂಖ್ಯೆಯ ಜನರ ಸಮಸ್ಯೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಡಿಸೆಂಬರ್ 31ರಂದು ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನೂರಕ್ಕೆ ಸುಮಾರು 76 ಮಂದಿ. ನಮ್ಮ ಜೈಲುಗಳು ಮುಖ್ಯವಾಗಿ ಮಾಡುತ್ತಿರುವುದು ಶಿಕ್ಷೆ ಕೊಡುವ ಕೆಲಸವನ್ನಲ್ಲ, ಜನರನ್ನು ಹಿಡಿದಿಟ್ಟುಕೊಳ್ಳುವ ಕೆಲಸವನ್ನು. ಸೆರೆಮನೆ ಎಂಬ ವ್ಯವಸ್ಥೆ ಹುಟ್ಟಿದ್ದೇ ಈ ಕೆಲಸಕ್ಕೆ. ಹಾಗಾಗಿ ಪ್ರಾಚೀನ ಜಗತ್ತು ಅದನ್ನು ಹೇಗೆ ನಡೆಸಿತು, ಎಲ್ಲಿ ಎಡವಿತು ಎಂದು ನೋಡುವುದರಿಂದ ಇಂದಿನ ಗೊಂದಲದ ಬಹುಪಾಲು ತಿಳಿಯಾಗುತ್ತದೆ.

ಅಂದು ಜೈಲು ಶಿಕ್ಷೆಯಾಗಿರಲಿಲ್ಲ, ಏಕೆ?

ಕ್ರಿ.ಪೂ. 399ರಲ್ಲಿ ಅಥೆನ್ಸ್‌ನ ನ್ಯಾಯಾಲಯ ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿತು. ಆ ಹೊತ್ತಿಗೆ ಡೆಲೋಸ್ ದ್ವೀಪಕ್ಕೆ ಹರಕೆಯ ಹಡಗು ಹೊರಟಿತ್ತು. ಅದು ಮರಳುವ ತನಕ ನಗರದಲ್ಲಿ ಯಾರನ್ನೂ ಕೊಲ್ಲುವಂತಿರಲಿಲ್ಲ. ಹೀಗಾಗಿ ಅವನು ಸುಮಾರು ಒಂದು ತಿಂಗಳು ಸೆರೆಮನೆಯಲ್ಲಿದ್ದ. ಗೆಳೆಯರು ದಿನಾ ಬಂದು ಮಾತಾಡಿಕೊಂಡು ಹೋಗುತ್ತಿದ್ದರು. ಅವನಿಗಾದ ಶಿಕ್ಷೆ ವಿಷ. ಸೆರೆಮನೆ ಅವನನ್ನು ಅಲ್ಲಿಯವರೆಗೆ ಇಟ್ಟುಕೊಂಡ ಜಾಗ, ಅಷ್ಟೆ. 'ಹನ್ನೊಂದು ಮಂದಿ' ಎಂದೇ ಕರೆಸಿಕೊಳ್ಳುತ್ತಿದ್ದ ಅಧಿಕಾರಿಗಳ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಅಲ್ಲಿ ಇರುತ್ತಿದ್ದವರು ಮೂರು ಬಗೆ: ವಿಚಾರಣೆಗೆ ಕಾಯುವವರು, ಮರಣದಂಡನೆಗೆ ಕಾಯುವವರು ಮತ್ತು ರಾಜ್ಯಕ್ಕೆ ಕೊಡಬೇಕಾದ ದಂಡ ಕಟ್ಟಲಾಗದವರು. ವಾಗ್ಮಿ ಡೆಮಾಸ್ತನೀಸ್ ಮೂರನೇ ಗುಂಪಿನವನು. ಲಂಚದ ಪ್ರಕರಣವೊಂದರಲ್ಲಿ 50 ಟ್ಯಾಲೆಂಟ್ (ಬೆಳ್ಳಿಯ ತೂಕದಲ್ಲಿ ಎಣಿಸುವ ಭಾರಿ ಮೊತ್ತ) ದಂಡ ಬಿದ್ದು, ಕಟ್ಟಲಾಗದೆ ಒಳಗೆ ಹೋಗಿ, ಅಲ್ಲಿಂದ ತಪ್ಪಿಸಿಕೊಂಡ.

ಸೆರೆವಾಸವನ್ನೇ ಶಿಕ್ಷೆ ಮಾಡದಿರಲು ಕಾರಣ ಕರುಣೆಯಲ್ಲ, ಖರ್ಚು. ಒಬ್ಬನನ್ನು ಹತ್ತು ವರ್ಷ ಕೂಡಿಹಾಕಬೇಕಾದರೆ ಅಷ್ಟೂ ವರ್ಷ ಅನ್ನ ಹಾಕಬೇಕು, ಕಾವಲುಗಾರನಿಗೆ ಸಂಬಳ ಕೊಡಬೇಕು, ಕಟ್ಟಡ ನೋಡಿಕೊಳ್ಳಬೇಕು. ಅವನ ದುಡಿಮೆಯೂ ನಷ್ಟ. ಸುಗ್ಗಿಯ ಮೇಲೆ ನಿಂತಿದ್ದ ಖಜಾನೆಗಳಿಗೆ ಇದು ದುಬಾರಿ. ದಂಡ ಹಾಕಿದರೆ ಹಣ ಬರುತ್ತದೆ, ಚಾಟಿಯೇಟು ಒಂದು ಗಳಿಗೆಯ ಕೆಲಸ, ಗಡೀಪಾರಿಗೆ ಖರ್ಚಿಲ್ಲ, ಗಣಿಗೆ ದಬ್ಬಿದರೆ ದುಡಿತವೂ ಸಿಗುತ್ತದೆ. ರೋಮನ್ನರು ಕೆಳವರ್ಗದ ಅಪರಾಧಿಗಳನ್ನು ಗಣಿಗೆ ಕಳಿಸುತ್ತಿದ್ದುದು ಈ ಲೆಕ್ಕದಿಂದಲೇ.

ರೋಮ್ ನಗರದ ಹೆಸರಾಂತ ಸೆರೆಮನೆ ಫೋರಂ ಎಂಬ ಮುಖ್ಯ ಚೌಕದ ಅಂಚಿನಲ್ಲಿ, ಬೆಟ್ಟದ ಬುಡದಲ್ಲಿತ್ತು. ಅದರ ಕೆಳಗಿನ ಕೋಣೆಗೆ ಟುಲಿಯಾನಂ ಎಂದು ಹೆಸರು: ನೆಲದಿಂದ ಸುಮಾರು ಹನ್ನೆರಡು ಅಡಿ ಆಳ, ಕಲ್ಲಿನ ಕಮಾನು ಚಾವಣಿ, ಕತ್ತಲೆ, ಗಬ್ಬುನಾತ. ಅಲ್ಲಿಗೆ ಇಳಿಸುತ್ತಿದ್ದುದು ಹೆಚ್ಚಾಗಿ ಕೊಲ್ಲುವುದಕ್ಕೆ. ಇಂದಿನ ಫ್ರಾನ್ಸ್ ಪ್ರದೇಶದ ಗಾಲ್ ಜನರ ನಾಯಕ ವೆರ್ಸಿಂಗೆಟೋರಿಕ್ಸ್ ಸೆರೆಸಿಕ್ಕಿ ಆರು ವರ್ಷ ಬದುಕಿದ್ದು ಸೀಸರನ ವಿಜಯಯಾತ್ರೆಯಲ್ಲಿ ಮೆರವಣಿಗೆಗಿಡಲು. ಕ್ರಿ.ಪೂ. 46ರಲ್ಲಿ ಮೆರವಣಿಗೆಯಾಯಿತು, ಅದರೊಂದಿಗೆ ಅವನ ಪ್ರಾಣವೂ ಹೋಯಿತು.

ಉಲ್ಪಿಯನ್ ಮಾತು ಮತ್ತು ವಿದ್ವಾಂಸರ ಜಗಳ

ಮೂರನೇ ಶತಮಾನದ ರೋಮನ್ ನ್ಯಾಯಜ್ಞ ಉಲ್ಪಿಯನ್ ಬರೆದ ಒಂದು ವಾಕ್ಯ ಜಾಮೀನಿನ ಚರ್ಚೆಗಳಲ್ಲಿ ಇಂದಿಗೂ ಕೇಳಿಬರುತ್ತದೆ: ಸೆರೆಮನೆ ಇರಬೇಕಾದದ್ದು ಜನರನ್ನು ಹಿಡಿದಿಡಲು, ಶಿಕ್ಷಿಸಲು ಅಲ್ಲ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ ಡೈಜೆಸ್ಟ್ ಎಂಬ ಕಾನೂನು ಸಂಗ್ರಹದಲ್ಲಿ ಅದು ಉಳಿದುಬಂದಿದೆ. ಈ ಒಂದು ವಾಕ್ಯವನ್ನು ನೆಚ್ಚಿಕೊಂಡು, ಪ್ರಾಚೀನರಲ್ಲಿ ಜೈಲುಶಿಕ್ಷೆ ಇರಲೇ ಇಲ್ಲ ಎಂದು ಬಹಳ ಕಾಲ ಪಾಠ ಹೇಳಲಾಯಿತು.

ಆದರೆ ಅದರ ಹಿಂದಿನ ವಾಕ್ಯವನ್ನೂ ಓದಬೇಕು. ಪ್ರಾಂತಾಧಿಕಾರಿಗಳು ಜನರಿಗೆ ಸೆರೆಯನ್ನೋ ಸಂಕೋಲೆಯನ್ನೋ ಶಿಕ್ಷೆಯಾಗಿ ವಿಧಿಸುವ ರೂಢಿ ಇದೆ, ಹಾಗೆ ಮಾಡಕೂಡದು, ಅಂಥ ಶಿಕ್ಷೆ ನಿಷಿದ್ಧ ಎನ್ನುತ್ತಾನೆ ಉಲ್ಪಿಯನ್. ಅಂದರೆ ಮಾಡುತ್ತಿದ್ದರು, ಅದಕ್ಕೇ ಬೇಡವೆಂದ. ಈಚಿನ ವಿದ್ವಾಂಸರು ಈ ಎಳೆ ಹಿಡಿದು ಹಳೆಯ ಪಾಠವನ್ನು ಪ್ರಶ್ನಿಸಿದ್ದಾರೆ. ಅವರ ಬಳಿ ಬೇರೆ ಪುರಾವೆಗಳೂ ಇವೆ. ಪ್ಲೇಟೊ ತನ್ನ ಕೊನೆಗಾಲದ ಬರಹದಲ್ಲಿ ಮೂರು ಬಗೆಯ ಸೆರೆಮನೆ ಸೂಚಿಸಿದ್ದ: ಒಂದು ಸಂತೆಕಟ್ಟೆಯ ಬಳಿ, ಬಂದೋಬಸ್ತಿಗೆ. ಇನ್ನೊಂದು, ದಾರಿತಪ್ಪಿದವರಿಗೆ ಕನಿಷ್ಠ ಐದು ವರ್ಷ ಬುದ್ಧಿ ಹೇಳಿ ತಿದ್ದಲು. ಮೂರನೆಯದು ನಿರ್ಜನ ಸ್ಥಳದಲ್ಲಿ. ಕ್ರಿ.ಪೂ. 63ರಲ್ಲಿ, ರೋಮ್‌ನ ಆಡಳಿತ ಉರುಳಿಸಲು ಹೊಂಚಿದ ಕ್ಯಾಟಲೈನ್ ಪಿತೂರಿಗಾರರನ್ನು ಏನು ಮಾಡುವುದೆಂಬ ಚರ್ಚೆ ಬಂದಾಗ ಸೀಸರ್ ಇಟ್ಟ ಸಲಹೆ, ಆಸ್ತಿ ಮುಟ್ಟುಗೋಲು ಹಾಕಿ ಇಟಲಿಯ ಬೇರೆಬೇರೆ ಊರುಗಳಲ್ಲಿ ಜೀವನಪೂರ್ತಿ ಸೆರೆಯಲ್ಲಿಡುವುದು. ಸೆನೆಟ್ ಒಪ್ಪಲಿಲ್ಲ, ಅವರನ್ನು ಕೊಲ್ಲಿಸಿತು.

ಎರಡೂ ಪಕ್ಷ ಹೇಳುವುದರಲ್ಲಿ ಸತ್ಯವಿದೆ. ಕಾನೂನಿನ ಪುಟದಲ್ಲಿ ಜೈಲು ಶಿಕ್ಷೆಯಾಗಿರಲಿಲ್ಲ, ಆದರೆ ವಿಚಾರಣೆ ತಡವಾದಲ್ಲೆಲ್ಲ ಶಿಕ್ಷೆಯೇ ಆಗುತ್ತಿತ್ತು. ಈಜಿಪ್ಟಿನ ಫಯೂಮ್ ಪ್ರದೇಶದಲ್ಲಿ ಸಿಕ್ಕ ಝೆನೋನ್ ಎಂಬ ಮೇಲ್ವಿಚಾರಕನ ಕಡತಗಳಲ್ಲಿ ಕ್ರಿ.ಪೂ. ಮೂರನೇ ಶತಮಾನದ ಕೈದಿಗಳ ಅರ್ಜಿಗಳಿವೆ. ಊಟಕ್ಕಿಲ್ಲ, ಬಹಳ ದಿನವಾಯಿತು, ನಮ್ಮ ಪ್ರಕರಣ ನೋಡಿ ಎಂಬುದೇ ಅವುಗಳ ಗೋಳು. ವಿಧಿಸಿದವರಿಲ್ಲದ ಶಿಕ್ಷೆಗೆ ಮುಗಿಯುವ ದಿನಾಂಕವೂ ಇರುವುದಿಲ್ಲ. ವಿಚಾರಣಾಧೀನ ಬಂಧನದ ದೊಡ್ಡ ಅಪಾಯ ಇದು: ಶಿಕ್ಷೆಯಾದವನಿಗೆ ಹೊರಬರುವ ದಿನ ಗೊತ್ತಿರುತ್ತದೆ, ಕಾಯುವವನಿಗೆ ಇರುವುದಿಲ್ಲ.

ಕೌಟಿಲ್ಯನ ಬಂಧನಾಗಾರ

ಈ ಅಪಾಯವನ್ನು ಅತಿ ವಿವರವಾಗಿ ಕಂಡ ಪ್ರಾಚೀನ ಗ್ರಂಥ ನಮ್ಮ ಅರ್ಥಶಾಸ್ತ್ರ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಅದನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಓದಿ 1909ರಲ್ಲಿ ಅಚ್ಚು ಹಾಕಿಸಿದರು.

ಬಂಧನಾಗಾರ ಕಟ್ಟಿಸುವುದು ಸನ್ನಿಧಾತ ಎಂಬ ಅಧಿಕಾರಿಯ ಹೊಣೆ. ಧರ್ಮಸ್ಥರ, ಅಂದರೆ ನ್ಯಾಯಾಧೀಶರ ಸೆರೆ ಬೇರೆ, ಮಹಾಮಾತ್ರರ, ಅಂದರೆ ಹಿರಿಯ ಅಧಿಕಾರಿಗಳ ಸೆರೆ ಬೇರೆ. ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಜಾಗ, ಬಿಗಿ ಕಾವಲಿನ ಕೋಣೆಗಳು. ಖಜಾನೆ, ಕಣಜಗಳಿಗೆ ಹೇಳಿದ ಸೌಲಭ್ಯಗಳೇ ಇಲ್ಲಿಗೂ: ಬಾವಿ, ಶೌಚದ ಜಾಗ, ಸ್ನಾನದ ಮನೆ, ಬೆಂಕಿ ಮತ್ತು ವಿಷದಿಂದ ರಕ್ಷಣೆ, ಬೆಕ್ಕು ಮತ್ತು ಮುಂಗುಸಿ. ಮುಚ್ಚಿದ ಕಟ್ಟಡದಲ್ಲಿ ಕೂಡಿಹಾಕಿದವನು ಇಲಿ ಹಾವುಗಳಿಂದ ಓಡಲಾರ ಎಂಬುದನ್ನು ಯೋಚಿಸಿದವರು ಬರೆದ ಸಾಲು ಇದು.

ಗ್ರಂಥದ ನಾಲ್ಕನೇ ಅಧಿಕರಣಕ್ಕೆ, ಅಂದರೆ ಭಾಗಕ್ಕೆ ಬಂದರೆ ಇನ್ನೂ ಮುಖ್ಯವಾದ ಪಟ್ಟಿಯೊಂದಿದೆ. ಅದು ಕೈದಿಗಳ ತಪ್ಪಿನದಲ್ಲ, ಸೆರೆಮನೆ ಅಧ್ಯಕ್ಷನ ತಪ್ಪಿನದು. ಕೂಡಿಹಾಕಿದವನನ್ನು ತಿಳಿಸದೆ ಹೊರಗೆ ಓಡಾಡಿಸಿದರೆ 24 ಪಣ (ಅಂದಿನ ನಾಣ್ಯ) ದಂಡ. ಅವನಿಂದ ಕೆಲಸ ಮಾಡಿಸಿಕೊಂಡರೆ ಅದರ ಎರಡರಷ್ಟು. ಬೇರೆ ಜಾಗಕ್ಕೆ ಸಾಗಿಸಿದರೆ ಅಥವಾ ಅನ್ನ ನೀರು ತಡೆದರೆ 96 ಪಣ. ಹಿಂಸಿಸಿದರೆ ಅಥವಾ ಲಂಚ ಕಿತ್ತರೆ ಮಧ್ಯಮ ಸಾಹಸದಂಡ, ಅಂದರೆ 200ರಿಂದ 500 ಪಣ. ಕೊಂದರೆ 1,000. ಸೆರೆಯಲ್ಲಿರುವ ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದವನಿಗೆ ಬೇರೆಯೇ ದಂಡಗಳಿವೆ. ಅವು ಹೆಣ್ಣಿನ ಸಾಮಾಜಿಕ ಸ್ಥಾನ ನೋಡಿ ಬದಲಾಗುತ್ತವೆ, ಅದು ಆ ಕಾಲದ ಅನ್ಯಾಯ. ಇನ್ನು ಮಲಗುವುದು, ಕೂರುವುದು, ಉಣ್ಣುವುದು, ಮಲಮೂತ್ರಕ್ಕೆ ಹೋಗುವುದನ್ನು ತಡೆದರೆ ತಲಾ ಮೂರು ಪಣದಂತೆ ಏರುತ್ತ ಹೋಗುವ ದಂಡ. ಮಾಡಿದವನಿಗಷ್ಟೇ ಅಲ್ಲ, ಮಾಡಿಸಿದವನಿಗೂ.

ಅದೇ ಗ್ರಂಥ ಅತಿ ಕೆಳಗಿನ ಸೇವಕನಿಗೆ ಹೇಳುವ ವಾರ್ಷಿಕ ವೇತನ 60 ಪಣ. ಅಧ್ಯಕ್ಷನ ಸಂಬಳ ಇದಕ್ಕಿಂತ ಹೆಚ್ಚು, ನಿಜ. ಆದರೂ 96 ಪಣ ಎಂದರೆ ಒಬ್ಬ ಆಳಿನ ಒಂದೂವರೆ ವರ್ಷಕ್ಕೂ ಮಿಕ್ಕಿದ ದುಡಿಮೆ. ಕೈದಿಯ ಅನ್ನ ನೀರು ತಡೆದದ್ದಕ್ಕೆ ಈ ಬೆಲೆ.

ಬಿಡುಗಡೆಗೂ ಕ್ರಮವಿತ್ತು. ದಿನಕ್ಕೊಮ್ಮೆ ಇಲ್ಲವೇ ಐದು ರಾತ್ರಿಗೊಮ್ಮೆ ಸೆರೆಯಲ್ಲಿರುವವರ ಲೆಕ್ಕ ಚುಕ್ತಾ ಮಾಡಬೇಕು: ದುಡಿಮೆಯಿಂದ, ಮೈಮೇಲಿನ ದಂಡನೆಯಿಂದ, ಇಲ್ಲವೇ ಹಣ ಕಟ್ಟಿಸಿಕೊಂಡು. ಮಕ್ಕಳು, ಮುದುಕರು, ರೋಗಿಗಳು, ಅನಾಥರು ರಾಜನ ಜನ್ಮನಕ್ಷತ್ರದ ದಿನವೂ ಹುಣ್ಣಿಮೆಗಳಂದೂ ಹೊರಬೀಳುತ್ತಿದ್ದರು. ಹೊಸ ದೇಶ ಗೆದ್ದಾಗ, ಯುವರಾಜನ ಪಟ್ಟಾಭಿಷೇಕವಾದಾಗ, ರಾಜನಿಗೆ ಮಗ ಹುಟ್ಟಿದಾಗಲೂ ಬಿಡುಗಡೆ. ಇದೆಲ್ಲ ಹೀಗೆಯೇ ನಡೆಯಿತೆಂದು ಹೇಳಲು ಬರುವುದಿಲ್ಲ, ಅರ್ಥಶಾಸ್ತ್ರ ಹೇಗಿರಬೇಕು ಎನ್ನುವ ಗ್ರಂಥ. ಆದರೆ ಅದರ ಆಲೋಚನೆ ಖಚಿತ: ಬಂಧನಾಗಾರ ತುಂಬುತ್ತ ಹೋಗಬಾರದು, ಖಾಲಿಯಾಗುತ್ತಿರಬೇಕು, ಆಗದಿದ್ದರೆ ಉತ್ತರ ಕೊಡಬೇಕಾದವನು ಅಧಿಕಾರಿ.

ಸನ್ನತಿಯ ಕಲ್ಲು ಹೇಳುವುದು

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ, ಕಾಳಿಯ ಗುಡಿಯ ಚಾವಣಿ ಕುಸಿದ ಮೇಲೆ ವಿಗ್ರಹದ ಪೀಠಕ್ಕೆ ಬಳಸಿದ್ದ ಕಲ್ಲುಚಪ್ಪಡಿಯಲ್ಲಿ ಅಶೋಕನ ಶಾಸನಗಳು ಕಂಡವು. ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಇವೆ ಎಂದುಕೊಂಡಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದವು. ಸನ್ನತಿಯ ಪಾಠ ಮುಕ್ಕಾಗಿದೆ. ಒಡಿಶಾದಲ್ಲಿ ಉಳಿದ ಪಾಠದಿಂದ ಪೂರ್ಣ ವಿಷಯ ತಿಳಿಯುತ್ತದೆ.

ಮೊದಲನೆಯ ಪ್ರತ್ಯೇಕ ಶಾಸನ ನಗರದ ನ್ಯಾಯಾಧಿಕಾರಿಗಳಿಗೆ ಬರೆದದ್ದು. ಕಾರಣವಿಲ್ಲದೆ ಒಬ್ಬ ಬಂಧನಕ್ಕೋ ಹಿಂಸೆಗೋ ಸಿಕ್ಕಿಕೊಂಡರೆ ಅವನೊಂದಿಗೆ ಇನ್ನೂ ಅನೇಕರು ನೋಯುತ್ತಾರೆ ಎಂದು ಅದು ಎಚ್ಚರಿಸುತ್ತದೆ. ಹೀಗಾಗುವುದೇಕೆಂದು ಏಳು ಕಾರಣಗಳನ್ನೂ ಹೆಸರಿಸುತ್ತದೆ: ಅಸೂಯೆ, ಮುಂಗೋಪ, ಕ್ರೌರ್ಯ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಕೊನೆಯ ಮೂರನ್ನು ಗಮನಿಸಬೇಕು. ಕೆಟ್ಟ ಮನಸ್ಸಿಲ್ಲದ ಅಧಿಕಾರಿಯೂ ಕೆಲಸ ಗೊತ್ತಿಲ್ಲದೆ, ಮೈಗಳ್ಳತನದಿಂದ, ಸುಸ್ತಾಗಿ ಒಬ್ಬನನ್ನು ಒಳಗೇ ಕೊಳೆಯಲು ಬಿಡಬಲ್ಲ. ಇದಕ್ಕೆ ಅಶೋಕ ಕೊಟ್ಟ ಪರಿಹಾರ ತಪಾಸಣೆ. ಐದು ವರ್ಷಕ್ಕೊಮ್ಮೆ ಮಹಾಮಾತ್ರರು ಸಂಚಾರ ಹೊರಡಬೇಕು, ಉಜ್ಜಯಿನಿ ಮತ್ತು ತಕ್ಷಶಿಲೆಗಳಿಂದ ಮೂರು ವರ್ಷದೊಳಗೆ. ಶಾಸನವನ್ನು ತಿಷ್ಯ ನಕ್ಷತ್ರದ ದಿನ ಓದಿ ಹೇಳಬೇಕು. ಬೇರೊಂದು ಶಾಸನದ ಪ್ರಕಾರ ಪಟ್ಟಕ್ಕೆ ಬಂದ 26 ವರ್ಷಗಳಲ್ಲಿ 25 ಸಲ ಕೈದಿಗಳ ಬಿಡುಗಡೆ ನಡೆದಿತ್ತು.

ಬರೆದ ಕಾನೂನನ್ನೇ ರೋಮ್ ಮತ್ತೆ ಮತ್ತೆ ಬರೆದದ್ದು

ರೋಮ್ ಸಾಮ್ರಾಜ್ಯದ ಕೊನೆಗಾಲದ ಕಾನೂನುಗಳು ಈ ಸಮಸ್ಯೆಯ ಇನ್ನೊಂದು ಮುಖ. 320ರಲ್ಲಿ ಕಾನ್‌ಸ್ಟಂಟೈನ್ ಆಜ್ಞೆ ಹೊರಡಿಸಿದ: ಆರೋಪಿಯ ವಿಚಾರಣೆ ಕೂಡಲೇ ಆಗಬೇಕು. ತಡವಾದರೆ ಎಲುಬಿಗೆ ಒತ್ತುವ ಕಬ್ಬಿಣದ ಬೇಡಿ ಬೇಡ, ಸಡಿಲ ಸರಪಳಿ ಸಾಕು. ಒಳಗಿನ ಕತ್ತಲೆ ಕೋಣೆಗೆ ತಳ್ಳಬಾರದು. ರಾತ್ರಿ ಹೊಸ್ತಿಲ ಬಳಿಯ ಪಡಸಾಲೆಯಲ್ಲಿಟ್ಟು ಬೆಳಕು ಹರಿಯುತ್ತಲೇ ಹೊರಗೆ ತರಬೇಕು. 340ರಲ್ಲಿ ಗಂಡು ಹೆಣ್ಣು ಕೈದಿಗಳನ್ನು ಬೇರೆಬೇರೆ ಇಡಬೇಕೆಂಬ ಆಜ್ಞೆ ಬಂತು. 380ರ ಆಜ್ಞೆ, ತಪ್ಪು ಸಾಬೀತಾದವನಿಗೆ ಬೇಗ ಶಿಕ್ಷೆಯಾಗಲಿ, ಬಿಡಬೇಕಾದವನು ಸೆರೆಯಲ್ಲಿ ಸವೆಯದಿರಲಿ ಎಂದಿತು. ಅದಕ್ಕಾಗಿ ಸೆರೆಮನೆಯ ಗುಮಾಸ್ತ 30 ದಿನಕ್ಕೊಮ್ಮೆ ಒಂದು ಪಟ್ಟಿ ಕೊಡಬೇಕು: ಎಷ್ಟು ಜನ, ಯಾವ ಆರೋಪ, ಯಾರು ಮೊದಲು ಬಂದವರು, ವಯಸ್ಸೆಷ್ಟು. ಕೊಡದಿದ್ದರೆ ಕಚೇರಿಗೆ 20 ಪೌಂಡ್ ಬಂಗಾರದ ದಂಡ. 409ರಲ್ಲಿ ಮತ್ತೊಂದು: ನ್ಯಾಯಾಧೀಶರು ಪ್ರತಿ ಭಾನುವಾರ ಕೈದಿಗಳನ್ನು ಹೊರಗೆ ಕರೆಸಿ ಖುದ್ದಾಗಿ ವಿಚಾರಿಸಬೇಕು, ಊಟಕ್ಕಿಲ್ಲದವರಿಗೆ ದಿನದ ಖರ್ಚಿಗೆ ಕಾಸು ಕೊಡಿಸಬೇಕು, ಕಾವಲಿನಲ್ಲಿ ಸ್ನಾನಕ್ಕೆ ಕಳಿಸಬೇಕು.

ತೊಂಬತ್ತು ವರ್ಷದಲ್ಲಿ ಇಷ್ಟು ಸಲ ಆಜ್ಞೆ ಬಂತೆಂದರೆ ಹಿಂದಿನದು ಪಾಲನೆಯಾಗಲಿಲ್ಲವೆಂದೇ ಅರ್ಥ. ಕಾರಣವನ್ನು ಅಂತಿಯೋಕ್ ನಗರದ ವಾಗ್ಮಿ ಲಿಬೇನಿಯಸ್, ಚಕ್ರವರ್ತಿ ಥಿಯೊಡೋಸಿಯಸ್‌ನನ್ನು ಉದ್ದೇಶಿಸಿ ಬರೆದ ಭಾಷಣದಲ್ಲಿ ಬಿಡಿಸಿಟ್ಟಿದ್ದಾನೆ. ಉಳ್ಳವರು ಒಬ್ಬ ಬಡವನ ಮೇಲೆ ಆರೋಪ ಹೊರಿಸಿ ಒಳಗೆ ಹಾಕಿಸುತ್ತಾರೆ. ವಿಚಾರಣೆ ನಡೆಸಬೇಕಾದ ಪ್ರಾಂತಾಧಿಕಾರಿಗೆ ಬೇರೆ ಕೆಲಸ, ಬೇರೆ ಮೋಜು. ತಿಂಗಳುಗಳು ಉರುಳುತ್ತವೆ. ಒಳಗಿರುವವನ ಊಟ ಮನೆಯ ಹೆಂಗಸರಿಂದ ಬರಬೇಕು. ಕಾವಲುಗಾರನೋ ರಾತ್ರಿಯ ದೀಪಕ್ಕೂ ಕೈದಿಯಿಂದ ದುಡ್ಡು ಕೀಳುತ್ತಾನೆ. ತೀರ್ಪು ಕಾಣದೆ ಜನ ಸಾಯುತ್ತಾರೆ. ಇಲ್ಲಿ ತಡದಿಂದ ಲಾಭವಾಗುತ್ತಿದ್ದುದು ಯಾರಿಗೆಂದು ನೋಡಿದರೆ ವಿಷಯ ತಿಳಿಯುತ್ತದೆ: ದೂರು ಕೊಟ್ಟವನ ಗುರಿ ವಿಚಾರಣೆಯಿಲ್ಲದೆ ಈಡೇರಿತು, ಕಾವಲುಗಾರನಿಗೆ ಪ್ರತಿ ದಿನವೂ ಸಂಪಾದನೆ. ದಿನ ಎಣಿಸುವ ಆಸಕ್ತಿ ಇದ್ದವನು ಕೈದಿಯೊಬ್ಬನೇ, ಅವನಿಗೆ ಅಧಿಕಾರವಿರಲಿಲ್ಲ.

ಈಗಿನ ವಾದಗಳು

479ನೇ ಕಲಂ ಬಗ್ಗೆ ಎರಡು ನಿಲುವುಗಳಿವೆ. ಆರೋಪಿ ಹೊರಗಿದ್ದರೆ ಸಾಕ್ಷಿಗಳನ್ನು ಹೆದರಿಸಬಹುದು, ಓಡಿಹೋಗಬಹುದು, ಮತ್ತೆ ಅಪರಾಧ ಮಾಡಬಹುದು ಎನ್ನುತ್ತದೆ ಒಂದು. ಈ ಆತಂಕ ಸುಳ್ಳಲ್ಲ, ಸಂತ್ರಸ್ತರ ಕಡೆಯಿಂದ ನೋಡಿದರೆ ಇನ್ನೂ ಗಟ್ಟಿ. ಕಲಂ ಅದಕ್ಕೆ ಜಾಗ ಇಟ್ಟಿದೆ. ಸರ್ಕಾರಿ ವಕೀಲರ ವಾದ ಕೇಳಿ, ಕಾರಣ ಬರೆದು, ನ್ಯಾಯಾಲಯ ಅರ್ಧ ಅವಧಿ ದಾಟಿದ ಮೇಲೂ ಬಂಧನ ಮುಂದುವರಿಸಬಹುದು. ಗರಿಷ್ಠ ಶಿಕ್ಷೆಯ ಅವಧಿಯನ್ನು ಮಾತ್ರ ಮೀರುವಂತಿಲ್ಲ. ಇನ್ನೊಂದು ನಿಲುವಿನ ಪ್ರಕಾರ ಈ ಕಲಂ ಸಾಲದು, ಒಂದಕ್ಕಿಂತ ಹೆಚ್ಚು ಪ್ರಕರಣವಿದ್ದವರನ್ನು ಹೊರಗಿಟ್ಟಿದ್ದರಿಂದ ತುಂಬ ಜನ ಜಾರಿಹೋಗುತ್ತಾರೆ. ಒಂದೇ ಘಟನೆಗೆ ಎರಡು ಮೂರು ಎಫ್‌ಐಆರ್ ಬೀಳುವುದು ಅಪರೂಪವಲ್ಲದ ಕಾರಣ ಈ ಟೀಕೆಯಲ್ಲಿ ಹುರುಳಿದೆ ಎಂದೇ ತೋರುತ್ತದೆ.

ಆದರೆ ನಿಜವಾದ ತೊಡಕು ಇರುವುದು ಮೂರನೇ ಉಪಕಲಂನಲ್ಲಿ. ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಹಾಕಬೇಕಾದವನು ಜೈಲು ಸೂಪರಿಂಟೆಂಡೆಂಟ್. ದಿನ ಎಣಿಸುವ ಹೊಣೆಯನ್ನು ಕೈದಿಯ ತಲೆಯಿಂದ ಇಳಿಸಿ ಅಧಿಕಾರಿಯ ತಲೆಗೆ ಕಟ್ಟಿದ್ದು ಈ ಕಾಯ್ದೆಯ ಅತ್ಯಂತ ಒಳ್ಳೆಯ ಭಾಗ. ಅದನ್ನು ಮಾಡಲು ಪ್ರತಿ ಕೈದಿಯ ವಿಷಯದಲ್ಲೂ ಐದು ಸಂಗತಿ ಗೊತ್ತಿರಬೇಕು: ಬಂಧನದ ದಿನಾಂಕ, ಹಾಕಿರುವ ಕಲಂಗಳು, ಅವುಗಳಲ್ಲಿ ಅತಿ ಹೆಚ್ಚಿನ ಶಿಕ್ಷೆ, ಹಿಂದೆ ಶಿಕ್ಷೆಯಾಗಿದೆಯೇ, ಬೇರೆ ಪ್ರಕರಣ ಬಾಕಿ ಇದೆಯೇ. ಮೊದಲ ಎರಡು ಜೈಲಿನ ವಾರಂಟ್‌ನಲ್ಲಿ ಇರುತ್ತವೆ. ಕೊನೆಯ ಎರಡು ಪೊಲೀಸ್ ಠಾಣೆಯಿಂದ ಬರಬೇಕು, ಅರ್ಜಿ ನಿಲ್ಲುವುದು ಅಲ್ಲಿ. ದೋಷಾರೋಪ ಪಟ್ಟಿಯಲ್ಲಿ ಕಲಂ ಬದಲಾದರೆ ಗರಿಷ್ಠ ಶಿಕ್ಷೆಯೂ ಬದಲಾಗಿ ಲೆಕ್ಕ ಹೊಸದಾಗುತ್ತದೆ. ಹಳೆಯ ಕಲಂ ಹಿಡಿದು ಎಣಿಸುತ್ತಿದ್ದರೆ ಬಿಡುಗಡೆಯ ದಿನ ತಪ್ಪಿಹೋಗುತ್ತದೆ. ಅರ್ಜಿ ಮಂಜೂರಾದ ಮೇಲೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿಯುವವರಿದ್ದಾರೆ. ಇಂಥವರಿಗೆ 2023ರಲ್ಲಿ ಬಂದ ಕೇಂದ್ರದ ಯೋಜನೆಯಡಿ ಜಾಮೀನಿಗಾಗಿ ಹಣದ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬೇಕು. ಹಣವಿಲ್ಲದವನಿಗೆ ಸೆರೆಯೇ ಗತಿ ಎಂಬುದು ರೋಮ್‌ನ ಅತಿ ಹಳೆಯ ಲಿಖಿತ ಕಾನೂನಾದ ಹನ್ನೆರಡು ಫಲಕಗಳ ಕಾಲದಿಂದಲೂ ಇದೆ. ಅಲ್ಲಿ ಸಾಲಗಾರನನ್ನು 60 ದಿನ ಕಟ್ಟಿಹಾಕಿ, ದಿನಕ್ಕೊಂದು ಪೌಂಡ್ ಧಾನ್ಯ ಕೊಟ್ಟು, ಮೂರು ಸಂತೆಗಳಲ್ಲಿ ಸಾಲದ ಮೊತ್ತ ಕೂಗಿ ಹೇಳುತ್ತಿದ್ದರು, ಯಾರಾದರೂ ಬಿಡಿಸಿಕೊಳ್ಳಲೆಂದು.

ಮುಂದೇನಾಗಬಹುದು? ಪೊಲೀಸ್, ಜೈಲು ಮತ್ತು ನ್ಯಾಯಾಲಯದ ಗಣಕ ದಾಖಲೆಗಳು ಒಂದಕ್ಕೊಂದು ಕೂಡಿಕೊಂಡಲ್ಲಿ ಈ ಕಲಂ ತಾನಾಗಿ ನಡೆಯುತ್ತದೆ, ಕಿಕ್ಕಿರಿದ ಜೈಲುಗಳಲ್ಲಿ ಜಾಗವಾಗುತ್ತದೆ. ಕೂಡದ ಕಡೆ, ಅಶೋಕನ ಪಟ್ಟಿಯ ಕೊನೆಯ ಮೂರು ಕಾರಣಗಳೇ ಕೈದಿಯನ್ನು ಒಳಗಿಡುತ್ತವೆ. ಅರ್ಜಿ ಹಾಕದ ಸೂಪರಿಂಟೆಂಡೆಂಟ್‌ಗೆ ಏನಾಗಬೇಕೆಂದು 479ನೇ ಕಲಂ ಹೇಳುವುದಿಲ್ಲ. ಕೌಟಿಲ್ಯ ಪಣಗಳಲ್ಲಿ ಹೇಳಿದ್ದ, ರೋಮ್ ಬಂಗಾರದಲ್ಲಿ ಹೇಳಿತ್ತು. ತಿಂಗಳಿಗೊಮ್ಮೆ ಪ್ರತಿ ಜೈಲಿನ ಬಾಗಿಲಲ್ಲಿ, ಈ ತಿಂಗಳು ಎಷ್ಟು ಮಂದಿಯ ಅವಧಿ ಮುಗಿಯಿತು, ಎಷ್ಟು ಅರ್ಜಿ ಹೋಯಿತು, ಎಷ್ಟು ಮಂದಿ ಬಿಡುಗಡೆಯಾದರು ಎಂಬ ಮೂರು ಅಂಕಿ ಬರೆದು ಹಾಕುವುದನ್ನು ಕಡ್ಡಾಯ ಮಾಡಲು ಹೊಸ ಕಾಯ್ದೆ ಬೇಕಿಲ್ಲ, ರಾಜ್ಯ ಸರ್ಕಾರದ ಒಂದು ಸುತ್ತೋಲೆ ಸಾಕು.